ಕುಂಬಾರವಾಡದ ಗೆಡ್ಡೆಗಳೂ ನನ್ನ ವೃತ್ತಗಳೂ

ನಾನು ಬರೆದ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ವೃತ್ತ ಬಂದದ್ದು ತೀರಿಹೋದವರೊಬ್ಬರದು. ಅದನ್ನು ನೋಡಿಯೂ ನನಗೆ ಏನೋ ತಪ್ಪಿದೆ ಎಂದು ಅನ್ನಿಸಲಿಲ್ಲ. ಅನ್ನಿಸಬೇಕಿತ್ತು. ಇದರಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ; ಹೆಸರುಗಳಿಂದಲೇ ಇಷ್ಟೆಲ್ಲ ಆದದ್ದು, ಇನ್ನು ಸಾಕು.

ದಾಂಡೇಲಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದರ ಜೊತೆಗೆ ಇನ್ನೊಂದು ಕೆಲಸ ನನಗೆ ಗೊತ್ತು. ಯಾವ ಸಂಶೋಧಕರು ಯಾರ ಜೊತೆ ಕೂಡಿ ಲೇಖನ ಬರೆದಿದ್ದಾರೆ, ಆ ಲೇಖನಗಳನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹುಡುಕಿ, ಅದನ್ನು ಜಾಲದ ಹಾಗೆ ಚಿತ್ರ ಮಾಡುವುದು. ಒಬ್ಬೊಬ್ಬರಿಗೆ ಒಂದು ಚುಕ್ಕೆ. ಇಬ್ಬರು ಕೂಡಿ ಬರೆದಿದ್ದರೆ ನಡುವೆ ಗೆರೆ. ಉಲ್ಲೇಖ ಹೆಚ್ಚಾದಷ್ಟೂ ಚುಕ್ಕೆ ಹಿಗ್ಗಿ ವೃತ್ತವಾಗುತ್ತದೆ. ನೋಡಿದವರಿಗೆ ಒಂದೇ ನೋಟಕ್ಕೆ ಯಾರ ಪ್ರಭಾವ ಎಷ್ಟು ಎಂದು ತಿಳಿಯುತ್ತದೆ. ತಿಳಿಯುತ್ತದೆ ಎಂದು ನಾನು ನಂಬಿದ್ದೆ.

ಮಾರ್ಚ್ ಕೊನೆಗೆ ಮುಂಡಗೋಡದಿಂದ ಫೋನ್ ಬಂತು. ಸನವಳ್ಳಿ ರಸ್ತೆಯಲ್ಲಿರುವ ಒಂದು ಸಣ್ಣ ಕೃಷಿ ಸಂಶೋಧನಾ ಕೇಂದ್ರದ ನಿರ್ದೇಶಕರು. ಸರ್ಕಾರದ್ದಲ್ಲ, ಒಂದು ಟ್ರಸ್ಟ್ ನಡೆಸುವಂಥದ್ದು. ಅದನ್ನು ಕಟ್ಟಿದವರು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು. ನಿರ್ದೇಶಕರೂ ಅವರ ಶಿಷ್ಯರೇ. ಹಳಿಯಾಳದಲ್ಲಿ ಓದುವಾಗ ನನಗೂ ದೊಡ್ಡ ಸರ್ ಅವರೇ ಕಲಿಸಿದ್ದರು. ನಾನು ಪ್ರಯೋಗಾಲಯದಲ್ಲಿ ದಡ್ಡಿ, ಆದರೆ ಯಾವ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. "ಪುಸ್ತಕ ಎಲ್ಲೈತಿ ಅಂತ ಗೊತ್ತಿದ್ದಾಕಿಗೂ ಪುಸ್ತಕದಷ್ಟ ಕಿಮ್ಮತ್ತು ಐತವಾ" ಎಂದು ಹೇಳಿ ಈ ದಾರಿಗೆ ಹಚ್ಚಿದವರು ಅವರು. ತೀರಿಕೊಂಡು ಆರು ವರ್ಷವಾಗಿತ್ತು.

"ನಮ್ಮಲ್ಲೆ ಮೂರು ಪ್ಲಾಟ್ ಅದಾವ್ರಿ ಮೇಡಂ" ಎಂದರು ನಿರ್ದೇಶಕರು. "ಇಲ್ಲೆ ಮಣ್ಣಿನ ಕೆಲಸ, ನಾ ನೋಡ್ತೇನಿ. ತೇರಗಾಂವದಾಗ ಭತ್ತದ್ದು. ಕುಂಬಾರವಾಡದಾಗ ಗೆಡ್ಡಿಗೆಣಸಿಂದು. ಟ್ರಸ್ಟಿನವ್ರು ಎರಡ ಇಟ್ಕೊಳ್ರಿ ಅಂತಾರ. ಯಾವುದ ಬಿಡೂದು ಅಂತ ನಾ ಹೇಳಿದ್ರ ಪಕ್ಷಪಾತ ಅಂತಾರ. ನೀವು ಹೊರಗಿನವ್ರು, ಅಳದು ಕೊಡ್ರಿ. ಯಾರ ಕೆಲಸ ಎಷ್ಟ ದೂರ ಮುಟ್ಟೇತಿ, ಅಷ್ಟ."

ನನಗೆ ಹೆಮ್ಮೆಯಾಯಿತು. ಒಪ್ಪಿಕೊಂಡೆ.

ಕೇಂದ್ರದ ಲೇಖನಗಳಲ್ಲಿ ಅರ್ಧದಷ್ಟು ಮಾತ್ರ ಅಂತರ್ಜಾಲದಲ್ಲಿ ಸಿಕ್ಕವು. ಉಳಿದವು ವಿಚಾರ ಸಂಕಿರಣಗಳ ಸಂಪುಟಗಳಲ್ಲಿ, ನಿಂತುಹೋದ ನಿಯತಕಾಲಿಕೆಗಳಲ್ಲಿ ಇದ್ದವು. ಮೂರು ಶನಿವಾರ ಹಳಿಯಾಳದಲ್ಲಿ ಬಸ್ಸು ಬದಲಿಸಿ ಮುಂಡಗೋಡಕ್ಕೆ ಹೋಗಿ, ಕೇಂದ್ರದ ಕಬ್ಬಿಣದ ಕಪಾಟು ತೆಗೆದು, ಒಂದೊಂದೇ ಲೇಖನವನ್ನು ಪಟ್ಟಿಗೆ ಏರಿಸಿದೆ. ಒಂದು ಸಾಲಿಗೆ ಒಂದು ಲೇಖನ: ವರ್ಷ, ಬರೆದವರು ಇದ್ದ ಕ್ರಮದಲ್ಲೇ, ಬೇರೆಯವರು ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆ ಎಂಬ ವಿವರ. ಎಲ್ಲ ಸಾಲುಗಳನ್ನೂ ಎರಡು ಸಲ ತಾಳೆ ನೋಡಿದೆ. ಪಟ್ಟಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಇದನ್ನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಇನ್ನು ಒಂದು ಲೇಖನಕ್ಕೆ ಬಂದ ಉಲ್ಲೇಖಗಳನ್ನು ಬರೆದವರಲ್ಲಿ ಹಂಚುವುದು ಹೇಗೆ? ನಮ್ಮ ಕಸುಬಿನಲ್ಲಿ ರೂಢಿಯಲ್ಲಿರುವ ಒಂದು ಕ್ರಮವಿದೆ. ಮೊದಲ ಹೆಸರಿಗೆ ಪೂರ್ಣ ಪಾಲು, ಎರಡನೆಯದಕ್ಕೆ ಅದರ ಅರ್ಧ, ಮೂರನೆಯದಕ್ಕೆ ಮೂರರಲ್ಲೊಂದು, ಹೀಗೆ ಇಳಿಯುತ್ತ ಹೋಗುವುದು. ಹೆಚ್ಚು ದುಡಿದವರ ಹೆಸರು ಮೊದಲು ಇರುತ್ತದೆ ಎಂಬ ತಿಳುವಳಿಕೆ ಇದರ ಹಿಂದಿದೆ. ಕೈಪಿಡಿಯಲ್ಲಿ ಹಾಗೇ ಇತ್ತು, ನಾನೂ ಹಾಗೇ ಮಾಡಿದೆ.

ಚಿತ್ರ ಬಂತು. ನಡುವೆ ದೊಡ್ಡ ಸರ್ ವೃತ್ತ. ಅದರ ಪಕ್ಕಕ್ಕೆ ನಿರ್ದೇಶಕರದು, ಸ್ವಲ್ಪ ಸಣ್ಣದಾಗಿ ತೇರಗಾಂವದ ಭತ್ತದ ಸರ್ ಅವರದು. ಕುಂಬಾರವಾಡದ ಉಸ್ತುವಾರಿ ನೋಡುವವರನ್ನು ಎಲ್ಲರೂ ಗೆಡ್ಡೆ ಮೇಡಂ ಎನ್ನುತ್ತಾರೆ; ಅವರದು ಅಂಚಿನಲ್ಲಿ ಒಂದು ಚುಕ್ಕೆ. ಹೆಚ್ಚುಕಡಿಮೆ ಪ್ರತಿ ಲೇಖನದಲ್ಲೂ ಅವರ ಹೆಸರು ಕೊನೆಗಿತ್ತು. ಬಣ್ಣದಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿ, ಮೇ ಮೊದಲ ವಾರ ನಾನೇ ಒಯ್ದು ಕೊಟ್ಟೆ.

ನಿರ್ದೇಶಕರು ನಡುವಿನ ವೃತ್ತ ನೋಡಿ, ಗೋಡೆಯ ಮೇಲಿನ ಫೋಟೋ ನೋಡಿ ಕೈ ಮುಗಿದರು. "ಸರ್ ಪ್ರಭಾವ ಇನ್ನೂ ಐತಲ್ರೀ" ಎಂದರು. ನನಗೂ ಕಣ್ಣು ಒದ್ದೆಯಾಯಿತು. ನನ್ನ ಮೇಷ್ಟ್ರನ್ನು ನನ್ನ ವಿದ್ಯೆಯಿಂದಲೇ ನಡುವೆ ಕೂರಿಸಿದೆ ಎಂಬ ಖುಷಿ. ಮೂರು ಪ್ಲಾಟುಗಳಲ್ಲಿ ಯಾವುದು ಹೋಗುತ್ತದೆ ಎಂಬುದು ಆ ಹಾಳೆಯನ್ನು ನೋಡಿದ ಯಾರಿಗಾದರೂ ತಿಳಿಯುವಂತಿತ್ತು.

ಹತ್ತು ದಿನ ಬಿಟ್ಟು ಗೆಡ್ಡೆ ಮೇಡಂ ಫೋನ್ ಮಾಡಿದರು. ಅಲ್ಲಿಯವರೆಗೆ ನಾನು ಅವರನ್ನು ನೋಡಿದವಳಲ್ಲ. ಸಿಟ್ಟಿನ ದನಿಯಲ್ಲ, ಜಗಳಕ್ಕೂ ಅಲ್ಲ.

"ಒಂದ ಮಾತ ಕೇಳಬೇಕಾಗಿತ್ರಿ ಮೇಡಂ. ಗೆಡ್ಡಿ ಹೂಳಲ್ಯೋ ಬ್ಯಾಡೋ?"

"ಅದನ್ನ ನನ್ನ ಯಾಕ ಕೇಳ್ತೀರಿ?"

"ಕೆಲಸದಾಳು ನಿಲ್ಲಿಸ್ಯಾರ್ರಿ. ನಿಮ್ಮ ವರದಿ ಮ್ಯಾಲ ತೀರ್ಮಾನ ಆಗೂತನಾ ಏನೂ ಮಾಡಬ್ಯಾಡ ಅಂದಾರ. ರೋಹಿಣಿ ಮಳಿ ಬರೂದ್ರೊಳಗ ಇವನ್ನ ಮಣ್ಣಿಗೆ ಹಾಕಬೇಕು. ಇವು ಕಾಳಲ್ಲ, ಡಬ್ಬ್ಯಾಗ ಹಾಕಿ ಇಡಾಕ ಬರೂದಿಲ್ಲ. ಒಂದ ವರ್ಷ ಹೂಳದಿದ್ರ ಆ ಬಗಿ ಹೋತು."

"ನೋಡ್ರಿ, ನಾ ಅಳದೇನಿ ಅಷ್ಟ. ತೀರ್ಮಾನ ನಂದಲ್ಲ."

ಅವರು ಮೆಲ್ಲಗೆ, "ಅಳತಿ ನಿಮ್ಮದ ಅಲ್ರೀ?" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಒಂದೊಂದು ಸಾಲು ಎರಡೆರಡು ಸಲ ತಾಳೆ ನೋಡಿದ ಕೆಲಸಕ್ಕೆ ಹೀಗೆ ಕೇಳುವುದೆ? ಅವರಿಗೆ ಲೆಕ್ಕ ಅರ್ಥ ಮಾಡಿಸಿಯೇ ಬರುತ್ತೇನೆ ಎಂದು ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಜೋಯಿಡಾ ಬಸ್ಸು ಹತ್ತಿದೆ. ಜೋಯಿಡಾದಲ್ಲಿ ಇಳಿದರೆ ಕುಂಬಾರವಾಡದ ಬಸ್ಸು ಆಗಲೇ ಹೋಗಿತ್ತು, ಮುಂದಿನದು ಮಧ್ಯಾಹ್ನಕ್ಕೆ. ಸಿಟ್ಟು ಆರದ ಹಾಗೆ ಕಾಪಾಡಿಕೊಂಡು ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದೆ.

ಪ್ಲಾಟು ಎಂದರೆ ಬಿದಿರಿನ ಬೇಲಿಯೊಳಗೆ ಅಗೆದು ಬಿಟ್ಟಿದ್ದ ಪಾತಿಗಳು, ಒಂದು ಹೆಂಚಿನ ಕೋಣೆ. ಒಂದೊಂದು ಪಾತಿಯ ತಲೆಗೆ ಒಂದು ಮರದ ಫಲಕ, ಅದರ ಮೇಲೆ ಗೆಡ್ಡೆಯ ಹೆಸರು: ಮುಡ್ಲಿ, ಕೋನ, ಕಾರಾಂದೆ, ಇವುಗಳಲ್ಲೇ ಹತ್ತಾರು ಬಗೆ. ಕೋಣೆಯೊಳಗೆ ಬುಟ್ಟಿಗಳಲ್ಲಿ ಬೂದಿ ಹಾಕಿ ಗೆಡ್ಡೆಗಳನ್ನು ಇಟ್ಟಿದ್ದರು. ಒಂದೊಂದರಿಂದಲೂ ಬೆರಳುದ್ದದ ಮೊಳಕೆ ಹೊರಟು ಗೋಡೆಯ ಕಡೆ ಬಾಗಿತ್ತು. ಪ್ಲಾಟು ಕಾಯುವ, ಅಲ್ಲಿಯ ಕುಣಬಿ ಸಮುದಾಯದ ಅಜ್ಜಿಯೊಬ್ಬಳು ಕುಗ್ಗಿದ ಗೆಡ್ಡೆಗಳನ್ನು ಆರಿಸಿ ಬೇರೆ ಇಡುತ್ತಿದ್ದಳು.

ಗೆಡ್ಡೆ ಮೇಡಂ ತೇರಗಾಂವದ ಒಕ್ಕಲುತನದ ಮನೆಯವರು. ನಲವತ್ತು ದಾಟಿದ ವಯಸ್ಸು, ಉಗುರಿನ ಸಂದಿಯಲ್ಲಿ ಮಣ್ಣು. "ಮೊದಲ ಒಂದೀಟು ಗಂಜಿ ಕುಡೀರಿ, ಆಮ್ಯಾಲ ಬೈಯಾಕಂತ" ಎಂದರು. ನನ್ನ ಮುಖ ನೋಡಿಯೇ ತಿಳಿದಿರಬೇಕು.

ಗಂಜಿ ಕುಡಿದು ಚಿತ್ರ ತೆರೆದು ತೋರಿಸಿದೆ. ಅವರು ತಮ್ಮ ಚುಕ್ಕೆಯನ್ನು ಹುಡುಕಲಿಲ್ಲ. ನಡುವಿನ ವೃತ್ತದ ಮೇಲೆ ಬೆರಳಿಟ್ಟು, "ಸರ್ ದೊಡ್ಡಾವ್ರ ಇದ್ರಲ್ರೀ, ಬರೋಬರಿ ಐತಿ" ಎಂದರು. ನನಗೆ ಗೆದ್ದಂತಾಯಿತು. ಲೆಕ್ಕ ವಿವರಿಸಲು ಒಂದು ಲೇಖನ ತೆಗೆದೆ. ಕೇಂದ್ರದ್ದರಲ್ಲೇ ಹೆಚ್ಚು ಉಲ್ಲೇಖವಾದದ್ದು, ಭತ್ತದ ಗದ್ದೆಯ ಬದುವಿನ ಮೇಲೆ ಗೆಡ್ಡೆ ಬೆಳೆಯುವುದರ ಬಗ್ಗೆ.

"ಇದರ ಅಳತಿ ಯಾರು ತಗೊಂಡಿದ್ರು?" ಎಂದು ಸುಮ್ಮನೆ ಕೇಳಿದೆ.

ಅವರು ಎದ್ದು ಹೋಗಿ ಗೋಡೆಯ ಗೂಡಿನಿಂದ ದಪ್ಪ ನೋಟುಬುಕ್ಕುಗಳನ್ನು ತಂದರು. ಮೂರು ಮಳೆಗಾಲದ ದಿನದಿನದ ಬರಹ, ಎಲ್ಲ ಒಂದೇ ಅಕ್ಷರ, ಅವರದು.

"ಲೇಖನ ಬರದವರು?"

"ನಾನ ಬರದೇನ್ರಿ."

"ಮತ್ತ ನಿಮ್ಮ ಹೆಸರ ಕಡೀಗೆ ಯಾಕ?"

ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. "ಮತ್ತೆಲ್ಲಿ ಹಾಕೂದ್ರಿ? ಲಗ್ನಪತ್ರಿಕ್ಯಾಗ ಹುಡುಗಿ ಅಪ್ಪ ತನ್ನ ಹೆಸರ ಮ್ಯಾಲ ಹಾಕ್ಕೋತಾನೇನು? ಹಿರ್ಯಾರು ಮೊದಲ, ಆಮ್ಯಾಲ ವಯಸ್ಸಿನ ಪರಕಾರ. ದುಡಿಯಾವ್ರು ಕೆಳಗ."

"ಈ ಲೇಖನದ ಕೆಲಸ ಶುರುವಾದಾಗ ಸರ್ ಇರಲಿಲ್ಲ."

"ಅಜ್ಜ ಲಿಂಗೈಕ್ಯ ಆದ ಅಂತ ಪತ್ರಿಕ್ಯಾಗಿಂದ ತೆಗೀತೀವೇನ್ರಿ? ಕೇಂದ್ರದಾಗ ಎಲ್ಲಾರೂ ಹಂಗ ಹಾಕ್ತೇವಿ. ಈ ಗೆಡ್ಡಿ ಮೊದಲ ಇಲ್ಲಿ ತಂದು ಹೂಳಿದಾವ್ರು ಅವ್ರು."

ನನ್ನ ಮದುವೆಯ ಪತ್ರಿಕೆ ಕಣ್ಣೆದುರು ಬಂತು. ಮೇಲೆ ಮನೆದೇವರು, ಕೆಳಗೆ 'ಲಿಂ.' ಎಂದು ಹಾಕಿ ನಾನು ನೋಡದ ಮುತ್ತಜ್ಜ, ಆಮೇಲೆ ಅಜ್ಜ, ದೊಡ್ಡಪ್ಪಂದಿರು, ಎಲ್ಲರಿಗಿಂತ ಕೆಳಗೆ, ಪತ್ರಿಕೆ ಹಂಚುತ್ತ ಚಪ್ಪಲಿ ಸವೆಸಿಕೊಂಡ ನನ್ನಪ್ಪ. ಅದೇ ಪದ್ಧತಿಯ ಮನೆಯಲ್ಲಿ ಬೆಳೆದವಳು ನಾನು. ನನ್ನ ಜನ ಹೆಸರು ಬರೆಯುವ ಕ್ರಮ ನನಗೆ ಗೊತ್ತಿಲ್ಲವೆ? ಹಿತ್ತಲ ಗಿಡ ಮದ್ದಲ್ಲ ಎಂದು ಹೇಳಿದವರೇನು ಸುಮ್ಮನೆ ಹೇಳಲಿಲ್ಲ. ಎಲ್ಲಿಯದೋ ಕೈಪಿಡಿ ನಂಬಿ ಪತ್ರಿಕೆಯನ್ನು ತಲೆಕೆಳಗಾಗಿ ಓದಿದ್ದೆ. ಲಗ್ನಪತ್ರಿಕೆಯಲ್ಲಾದರೆ ಹೋದವರ ಹೆಸರಿಗೆ 'ಲಿಂ.' ಇರುತ್ತದೆ. ಲೇಖನದಲ್ಲಿ ಅದೂ ಇರುವುದಿಲ್ಲ, ಪಟ್ಟಿಗೆ ಗೊತ್ತಾಗುವುದಾದರೂ ಹೇಗೆ?

"ನಿಮಗ ಸಿಟ್ಟ ಬರಲಿಲ್ಲೇನ್ರಿ?" ಎಂದು ಕೇಳಿದೆ.

"ನಾ ತಿಳಕೊಂಡೆ, ಓದಿದಾವ್ರು ಅಳದಾರ, ಖರೇ ಇರಬೇಕು" ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆಯಿಂದ ಮೈ ಬಿಸಿಯಾಗಿತ್ತು. ದಾಂಡೇಲಿ ಮುಟ್ಟಿದವಳೇ ನಿರ್ದೇಶಕರಿಗೆ ಫೋನ್ ಮಾಡಿ, ನನ್ನ ವರದಿ ತಪ್ಪು, ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. "ಟ್ರಸ್ಟಿನವ್ರ ಕೈಗೆ ಹೋಗೇತ್ರಿ. ಜೂನ್‌ದಾಗ ಸಭಾ ಐತಿ, ಅಲ್ಲೇ ಬಂದು ಹೇಳ್ರಿ" ಎಂದರು. ಅಲ್ಲಿಯವರೆಗೆ ಆಳು ಕೊಡಿ, ಗೆಡ್ಡೆ ಹೂಳಲಿ ಎಂದು ಕೇಳಿಕೊಂಡೆ. "ನಾಳೆ ಬಂದ್ ಆಗೂ ಪ್ಲಾಟಿಗೆ ಇವತ್ತ ಆಳು ಹೆಂಗ ಕೊಡ್ಲಿ?" ಎಂದರು. ಅವರದೂ ತಪ್ಪಲ್ಲ. ನಾನು ಕೊಟ್ಟ ಹಾಳೆಯನ್ನು ಅವರು ನಂಬಿದ್ದರು.

ಮುಂದಿನ ದಾರಿ ಸುಲಭ ಎಂದು ನಿಮಗೆ ಅನ್ನಿಸಬಹುದು. ಕ್ರಮ ತಿರುಗಿಸಿ, ಕೊನೆಯ ಹೆಸರಿಗೆ ಪೂರ್ಣ ಪಾಲು ಕೊಟ್ಟರೆ ಆಯಿತಲ್ಲ? ಆಗುವುದಿಲ್ಲ. ಭತ್ತದ ಸರ್ ಹೊರಗಿನ ವಿಶ್ವವಿದ್ಯಾಲಯದವರ ಜೊತೆ ಬರೆದ ಲೇಖನಗಳಲ್ಲಿ ಕ್ರಮ ಕೈಪಿಡಿಯ ಹಾಗೇ ಇತ್ತು; ದೊಡ್ಡ ಸರ್ ಹೆಸರು ಅಲ್ಲೂ ಇತ್ತು, ಆದರೆ ಕೊನೆಗೆ. ಕೆಲವು ಹೀಗೆ, ಕೆಲವು ಹಾಗೆ. ಅದಲ್ಲದೆ, ಫಲ ನೋಡಿದ ಮೇಲೆ ಒಬ್ಬರ ಮೇಲಿನ ಕನಿಕರಕ್ಕೆ ಅಳತೆ ಬದಲಿಸುವುದು ತೂಗಿದ ಮೇಲೆ ತಕ್ಕಡಿಯ ಕಲ್ಲು ಬದಲಿಸಿದ ಹಾಗೆ. ಸಂತೆಯಲ್ಲಿ ಹಾಗೆ ಮಾಡಿದವರಿಗೆ ಏನಾಗುತ್ತದೆ ಎಂದು ಹಳಿಯಾಳದವರಿಗೆ ಹೇಳಿಕೊಡಬೇಕಿಲ್ಲ.

ಹಾಗಾಗಿ ಬರೆದವರನ್ನೇ ಕೇಳೋಣ ಎಂದುಕೊಂಡೆ. ಒಂದು ಪುಟದ ನಮೂನೆ ಮಾಡಿ, ಆಗಲೇ ಕೇಳಿ ತಿಳಿದಿದ್ದ ಗೆಡ್ಡೆ ಮೇಡಂ ಒಬ್ಬರನ್ನು ಬಿಟ್ಟು ಉಳಿದ ಎಲ್ಲ ಸಹಲೇಖಕರಿಗೆ ಕಳಿಸಿದೆ. ಪ್ರತಿ ಲೇಖನಕ್ಕೆ ಮೂರೇ ಪ್ರಶ್ನೆ: ಹೊಲದ ಕೆಲಸ ಯಾರದು, ಅಳತೆ ಯಾರದು, ಬರೆದವರು ಯಾರು? ಒಂದು ವಾರ ಏನೂ ಬರಲಿಲ್ಲ. ಆಮೇಲೆ ಬಂದ ಉತ್ತರಗಳನ್ನು ನೋಡಿ ತಲೆ ಚಚ್ಚಿಕೊಂಡೆ. ಎಲ್ಲರೂ ಒಂದೇ ತೆರನಾಗಿ ಬರೆದಿದ್ದರು: ಎಲ್ಲವೂ ದೊಡ್ಡ ಸರ್ ಮಾರ್ಗದರ್ಶನದಲ್ಲಿ, ಹಿರಿಯರ ಆಶೀರ್ವಾದದಿಂದ. ಭತ್ತದ ಸರ್‌ಗೆ ಫೋನ್ ಹಚ್ಚಿ, "ಸರ್ ತೀರಿದ ಮ್ಯಾಲ ಸರ್ ಅಳತಿ ತಗೊಂಡ್ರಂತ ಹೆಂಗ ಬರದ್ರಿ?" ಎಂದು ದಬಾಯಿಸಿದೆ.

"ಇಲ್ಲ ಅಂತ ನನ್ನ ಕೈಲೆ ಬರಸಬ್ಯಾಡ್ರಿ ಮೇಡಂ. ಆ ಕೈಗೆ ಅಕ್ಷರ ಕಲಿಸಿದಾವ್ರು ಅವ್ರು" ಎಂದು ಅವರು ಫೋನ್ ಇಟ್ಟರು.

ನನ್ನ ಕೈಗೂ ಅಕ್ಷರ ಕಲಿಸಿದವರು ಅವರೇ.

ಹೆಸರಿನ ಕ್ರಮವನ್ನೇ ನೋಡದ ಅಳತೆ ಬೇಕಿತ್ತು. ಅಂಥದ್ದೊಂದು ಇದೆ. ಜಾಲದಿಂದ ಒಬ್ಬೊಬ್ಬರನ್ನೇ ತೆಗೆದು ನೋಡುವುದು. ಯಾರನ್ನು ತೆಗೆದರೆ ಜಾಲ ಹರಿದು ತುಂಡಾಗುತ್ತದೋ, ಅವರು ಬೇರೆಬೇರೆ ಗುಂಪುಗಳನ್ನು ಬೆಸೆದು ಹಿಡಿದವರು. ಅವರ ಹೆಸರು ಮೊದಲಿದ್ದರೂ ಅಷ್ಟೆ, ಕೊನೆಗಿದ್ದರೂ ಅಷ್ಟೆ. ಪ್ರಶ್ನೆ ಇರುವುದು ಈಗ ಯಾವ ಪ್ಲಾಟು ಉಳಿಯಬೇಕು ಎಂದು. ಹಾಗಾಗಿ ಕಳೆದ ಆರು ವರ್ಷಗಳಲ್ಲಿ ಶುರುವಾದ ಕೆಲಸದ ಲೇಖನಗಳನ್ನು ಮಾತ್ರ ಬೇರೆ ಮಾಡಿ ಹೊಸ ಜಾಲ ಕಟ್ಟಿದೆ. ಒಬ್ಬೊಬ್ಬರನ್ನೇ ತೆಗೆದೆ. ನಿರ್ದೇಶಕರನ್ನು ತೆಗೆದೆ, ಹರಿಯಲಿಲ್ಲ. ಭತ್ತದ ಸರ್, ಹರಿಯಲಿಲ್ಲ. ಗೆಡ್ಡೆ ಮೇಡಂ, ಹರಿಯಲಿಲ್ಲ. ಯಾರನ್ನು ತೆಗೆದರೂ ಜಾಲ ಗಟ್ಟಿಯಾಗಿಯೇ ನಿಂತಿತು. ಪ್ರತಿ ಲೇಖನದಲ್ಲೂ ಇದ್ದ ಒಂದು ಹೆಸರಿನಿಂದ ಎಲ್ಲರಿಗೂ ಗೆರೆ ಹೋಗಿತ್ತು. ಆರು ವರ್ಷದ ಹಿಂದೆ ಹೋದವರು ಎಲ್ಲರನ್ನೂ ಕೂಡಿಸಿ ಹಿಡಿದಿದ್ದರು.

ಎರಡು ದಿನ ಆ ಚಿತ್ರದ ಮುಂದೆ ಕೂತೆ. ಮಾಡಬೇಕಾದದ್ದು ಗೊತ್ತಿತ್ತು. ಕೆಲಸ ಶುರುವಾಗುವ ಮೊದಲೇ ತೀರಿಕೊಂಡವರು ಆ ಕೆಲಸದ ಜಾಲದಲ್ಲಿ ಇರುವಂತಿಲ್ಲ. ಯಾರ ಮುಂದೆಯಾದರೂ ಹೇಳಬಹುದಾದ ನಿಯಮ, ಯಾರ ಪರವೂ ಅಲ್ಲ. ಆದರೆ ಹಾಗೆ ಮಾಡುವುದೆಂದರೆ ದೊಡ್ಡ ಸರ್ ಹೆಸರನ್ನು ನನ್ನ ಕೈಯಿಂದ ಅಳಿಸುವುದು. ತಾಯಿ ಸತ್ತಾಗ ಕೂಡ ನಾನು ಕೆಲಸದ ಮೇಜಿನ ಮುಂದೆ ಅತ್ತವಳಲ್ಲ. ಅವತ್ತು ಅತ್ತೆ. ಅತ್ತ ದರಿ, ಇತ್ತ ಪುಲಿ. ಹೊರಗೆ ಮೋಡ ಕಟ್ಟುತ್ತಿತ್ತು. ಕುಂಬಾರವಾಡದ ಬುಟ್ಟಿಗಳಲ್ಲಿ ಗೋಡೆಗೆ ಬಾಗಿದ್ದ ಮೊಳಕೆಗಳು ನೆನಪಾದವು. ಸರ್ ಇದ್ದಿದ್ದರೆ ಹೆಸರು ನೋಡುತ್ತಿದ್ದರೋ ಗೆಡ್ಡೆ ನೋಡುತ್ತಿದ್ದರೋ ಎಂದು ಕೇಳಿಕೊಂಡೆ. ಅವರ ಹೆಸರಿನ ಸಾಲನ್ನು ಆರಿಸಿ ಅಳಿಸುವ ಗುಂಡಿ ಒತ್ತಿದೆ.

ಈಗ ಮತ್ತೆ ಒಬ್ಬೊಬ್ಬರನ್ನೇ ತೆಗೆದು ನೋಡಿದೆ. ಗೆಡ್ಡೆ ಮೇಡಂ ಅವರನ್ನು ತೆಗೆದಾಗ ಜಾಲ ಮೂರು ತುಂಡಾಯಿತು: ಮುಂಡಗೋಡದ ಮಣ್ಣಿನವರು ಒಂದು ಕಡೆ, ತೇರಗಾಂವದ ಭತ್ತದವರು ಒಂದು ಕಡೆ, ಜೋಯಿಡಾ ಕಡೆಯ ಗೆಡ್ಡೆಯವರು ಒಂದು ಕಡೆ. ಬೇರೆ ಯಾರನ್ನು ತೆಗೆದರೂ ಹಾಗಾಗಲಿಲ್ಲ. ಮೂರು ಕಡೆಯವರ ಜೊತೆಯೂ ಕೂಡಿ ಕೆಲಸ ಮಾಡಿದವರು ಅವರೊಬ್ಬರೇ. ಇನ್ನೊಂದು ಸಂಗತಿಯೂ ಕಂಡಿತು. ಸರ್ ಹೋದ ಮೇಲೆ ನಿರ್ದೇಶಕರೂ ಭತ್ತದ ಸರ್ ಅವರೂ ಕೂಡಿ ಒಂದೂ ಲೇಖನ ಬರೆದಿರಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಸರ್ ಹೆಸರು ಮಾತ್ರ.

ಸಭೆ ಜೂನ್ ಎರಡನೆಯ ವಾರ ನಡೆಯಿತು. ಅಷ್ಟರಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಟ್ರಸ್ಟಿನ ಇಬ್ಬರು, ನಿರ್ದೇಶಕರು, ಭತ್ತದ ಸರ್, ಗೆಡ್ಡೆ ಮೇಡಂ, ಕೊನೆಗೆ ನಾನು. ಗೋಡೆಯ ಮೇಲೆ ಮಾಲೆ ಹಾಕಿದ ಸರ್ ಫೋಟೋ. ಮೊದಲ ವರದಿಯಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿದೆ. ಆಮೇಲೆ ನಿಯಮ ಓದಿದೆ, ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟೆ. ಸರ್ ಹೆಸರು ತೆಗೆದಿದ್ದೇನೆ ಎಂದು ಫೋಟೋ ಕಡೆ ನೋಡದೆ ಹೇಳಿದೆ.

ಮೊದಲು ಎದ್ದು ನಿಂತವರು ಗೆಡ್ಡೆ ಮೇಡಂ.

"ಸರ್ ಹೆಸರ ತೆಗೀಬ್ಯಾಡ್ರಿ. ಅದನ್ನ ಹಾಕಿದಾಕಿ ನಾನು. ಪ್ಲಾಟು ಹೋದ್ರ ಹೋಗವಲ್ದ್ಯಾಕ, ಅವ್ರನ್ನ ಅಳಿಸಿ ಉಳಿಸ್ಕೊಳ್ಳೂದು ನನಗ ಬ್ಯಾಡ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಯಾರಿಗಾಗಿ ಇಷ್ಟು ಒದ್ದಾಡಿದೆನೋ ಅವರೇ ಬೇಡ ಎನ್ನುತ್ತಿದ್ದಾರೆ. ಸಿಟ್ಟೂ ಬಂತು, ದುಃಖವೂ ಬಂತು.

"ಲೇಖನದಾಗಿಂದ ಯಾರೂ ತೆಗದಿಲ್ರಿ" ಎಂದೆ. "ಅಲ್ಲಿ ಅವ್ರು ಮೊದಲ ಇರ್ಲಿ, ನಾನೂ ಕೈ ಮುಗೀತೇನಿ. ಆದ್ರ ಸರ್ ಇನ್ನೂ ಎಲ್ಲಾ ಹೊಲಕ್ಕೂ ಅಡ್ಡ್ಯಾಡಿ ದುಡೀಲಿಕ್ಕತ್ಯಾರ ಅಂತ ಈ ಚಿತ್ರದಾಗ ಬರದ್ರ ಅದು ಸುಳ್ಳು. ಆ ಸುಳ್ಳಿನಿಂದ ಅವ್ರು ಹೂಳಿದ ಗೆಡ್ಡೀನ ಸಾಯ್ತಾವ. ನೀವು ಬುಟ್ಟಿ ನೋಡಿ ಬಂದೀರಲ್ಲ. ಹೇಳ್ರಿ, ಹೆಂಗ ಅದಾವ?"

ಅವರು ಕೂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, "ಕೊಳೀಲಿಕ್ಕತ್ಯಾವ್ರಿ" ಎಂದರು.

ನಿರ್ದೇಶಕರು ಎರಡನೆಯ ಚಿತ್ರವನ್ನೇ ನೋಡುತ್ತಿದ್ದರು. ತಮ್ಮ ಗುಂಪು, ಭತ್ತದವರ ಗುಂಪು, ನಡುವೆ ಖಾಲಿ ಜಾಗ. ಭತ್ತದ ಸರ್ ಕಡೆ ತಿರುಗಿ, "ನಾವಿಬ್ರೂ ಒಂದ ಕಡೆ ಕುಂತು ಬರದು ಎಷ್ಟ ವರ್ಷ ಆತೋ?" ಎಂದರು. ಭತ್ತದ ಸರ್, "ಸರ್ ಹೋದಾಗಿಂದ" ಎಂದಷ್ಟೇ ಹೇಳಿದರು. ಟ್ರಸ್ಟಿನವರು ತಮ್ಮೊಳಗೆ ಮಾತಾಡಿಕೊಂಡರು. ಕುಂಬಾರವಾಡ ಉಳಿಯಿತು, ತೇರಗಾಂವ, ಮುಂಡಗೋಡದ ಕೆಲಸಗಳನ್ನು ಒಂದೇ ಉಸ್ತುವಾರಿಗೆ ತರುವುದೆಂದಾಯಿತು. ಮರುದಿನವೇ ಆಳು ಕಳಿಸುತ್ತೇನೆ ಎಂದು ನಿರ್ದೇಶಕರು ಅಲ್ಲೇ ಫೋನ್ ಮಾಡಿದರು.

ಆದರೆ ತಡವಾಗಿತ್ತು. ಹೆಂಚಿನ ಕೋಣೆಯ ಥಂಡಿಗೆ ಬೂದಿಯೇ ಒದ್ದೆಯಾಗಿ, ಬುಟ್ಟಿಯ ತಳದ ಗೆಡ್ಡೆಗಳು ಕೊಳೆತಿದ್ದವು. ಉಳಿದವನ್ನು ಸುರಿಯುವ ಮಳೆಯಲ್ಲೇ ಹೂಳಿದರಂತೆ. ಏಳು ಬಗೆ ಹೋದವು ಎಂದು ಗೆಡ್ಡೆ ಮೇಡಂ ಫೋನಿನಲ್ಲಿ ಹೇಳಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಪಟ್ಟಿಯಲ್ಲಿ ಒಂದೂ ತಪ್ಪಿಲ್ಲದ ಕೆಲಸದಿಂದ ಏಳು ಬಗೆ ಗೆಡ್ಡೆ ಸತ್ತವು.

ಆಗಸ್ಟಿನಲ್ಲಿ ಒಮ್ಮೆ ಹೋಗಿ ಬಂದೆ. ಯಾವ ಕೆಲಸವೂ ಇರಲಿಲ್ಲ, ಮುಖ ತೋರಿಸಬೇಕೆನ್ನಿಸಿತ್ತು. ಬಸ್ಸು ಇಳಿದು ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಅಜ್ಜಿ "ಪಾವ್ಸ ಆಯ್ಲೊ, ಭಿತರ ಯೇ" ಎಂದು ತನ್ನ ಕೊಂಕಣಿಯಲ್ಲಿ, ಮಳೆ ಬಂತೆಂದು ಒಳಗೆ ಕರೆದಳು. ಪಾತಿಗಳಲ್ಲಿ ಬಳ್ಳಿಗಳು ಕೋಲು ಹತ್ತಿದ್ದವು. ನಡುನಡುವೆ ಖಾಲಿ ಪಾತಿಗಳು. ಎಣಿಸಿದೆ, ಏಳು. ಏಳರ ತಲೆಗೂ ಹೆಸರಿನ ಫಲಕ ಹಾಗೇ ನಿಂತಿತ್ತು.

"ಇವನ್ನ ಯಾಕ ಬಿಟ್ಟೀರಿ?" ಎಂದು ಕೇಳಿದೆ. ದನಿ ಸ್ವಲ್ಪ ಒರಟಾಗಿಯೇ ಬಂತು. ಇಲ್ಲದ್ದರ ಹೆಸರು ಇಟ್ಟುಕೊಳ್ಳುವುದರಿಂದಲೇ ಇಷ್ಟೆಲ್ಲ ಆದದ್ದಲ್ಲವೆ?

ಗೆಡ್ಡೆ ಮೇಡಂ ಕಳೆ ಕೀಳುತ್ತಲೇ ಹೇಳಿದರು. "ಯಾರದರೆ ಮನಿ ಹಿತ್ತಲದಾಗ ಇದ್ದೀತು. ಈ ದಾರೀಲೆ ಹೋಗಾವ್ರು ಫಲಕ ನೋಡ್ತಾರ್ರಿ. ಇದು ನಮ್ಮಲ್ಲಿ ಐತಿ ಅಂತ ಒಂದ ತುಂಡು ತಂದು ಕೊಡ್ತಾರ. ಹೋದ ವಾರ ಒಬ್ಬಾಕಿ ಬಂದು ಹೇಳಿ ಹೋಗ್ಯಾಳ, ಒಂದ ಐತಿ ಅಂತ. ಹೆಸರ ಕಿತ್ತು ಒಗದ್ರ ಏನ ಅಂತ ಕೇಳೂದು?"

ಸರ್ ಹೆಸರನ್ನು ಆರು ವರ್ಷ ಅವರು ಯಾಕೆ ಬರೆಯುತ್ತ ಬಂದರು ಎಂದು ಆಗ ಸ್ವಲ್ಪ ಅರ್ಥವಾಯಿತು. ನನ್ನ ನಿಯಮ ಸರಿಯೇ ಇತ್ತು, ಈಗಲೂ ಅದನ್ನೇ ಮಾಡುತ್ತೇನೆ. ಆದರೆ ಎಲ್ಲ ಹೆಸರನ್ನೂ ಅಳೆಯಲಿಕ್ಕೇ ಬರೆದಿರುವುದಿಲ್ಲ ಎಂಬುದು ನನ್ನ ಕೈಪಿಡಿಯಲ್ಲಿ ಇರಲಿಲ್ಲ.

ಒಂದು ಫಲಕದ ಮೇಲಿನ ಅಕ್ಷರ ಮಳೆಗೆ ಅರ್ಧ ಹೋಗಿತ್ತು, ಯಾವ ಗೆಡ್ಡೆ ಎಂದು ಓದಲು ಬರುತ್ತಿರಲಿಲ್ಲ. ಮೇಡಂ ಅವರನ್ನು ಕೇಳಿದೆ, ಅವರು ಹೇಳಿದರು. ಚೀಲದಿಂದ ದಪ್ಪ ಪೆನ್ನು ತೆಗೆದು, ಸೆರಗಿನಿಂದ ಫಲಕ ಒರೆಸಿ, ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಆ ಹೆಸರನ್ನು ಮತ್ತೆ ಬರೆದೆ.